ಬೆಳೆಯದ ಕೂಸು

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನು ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರ. ಮಂಟಪದ ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆಯ 25 ಫಲಕಗಳಿವೆ. ಕಳೆದ ಬೇಸಗೆಯಲ್ಲಿ ಅವುಗಳ ಮುಂದೆ ನಿಂತಿದ್ದಾಗ ನನ್ನ ಮಗಳು, "ಅಪ್ಪಾ, ಇದೂ ಕಾರ್ಟೂನೇ ಅಲ್ವಾ?" ಎಂದಳು. ನಕ್ಕುಬಿಟ್ಟೆ, ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು.

1991ರಲ್ಲಿ ಅಮೆರಿಕದ ನಿಕೆಲೋಡಿಯನ್ ವಾಹಿನಿಯಲ್ಲಿ ಮೊದಲಾದ 'ರಗ್‌ರ್ಯಾಟ್ಸ್' ಎಂಬ ಕಾರ್ಟೂನ್ ನೆನಪಾಯಿತು. ಅದರ ನಾಯಕ ಟಾಮಿ ವರ್ಷದ ಕೂಸು. ಕೂಸುಗಳು ತಮ್ಮತಮ್ಮೊಳಗೆ ಸೊಗಸಾಗಿ ಮಾತಾಡಿಕೊಳ್ಳುತ್ತವೆ. ಹಿರಿಯರ ಕಿವಿಗೆ ಅದು ಬರಿಯ ತೊದಲು. ಮನೆಯ ಅಂಗಳವೇ ಅವುಗಳಿಗೆ ಕಾಡು. ಮಗುವನ್ನು ಹಿರಿಯರ ಎತ್ತರದಿಂದ ನೋಡದೆ, ಹಿರಿಯರನ್ನು ಮಗುವಿನ ಎತ್ತರದಿಂದ ನೋಡಿದ್ದೇ ಅದರ ಗೆಲುವು. ಇದು ನಮಗೆ ಹೊಸತೇನೂ ಅಲ್ಲ. ಮಣ್ಣು ತಿಂದ ಮಗನನ್ನು ಗದರಿಸುವ ಯಶೋದೆಗೆ ತಿಳಿಯದ್ದು ಭಾಗವತವನ್ನು ಕೇಳುವವನಿಗೆ ಮೊದಲೇ ತಿಳಿದಿರುತ್ತದೆ. ಆ ತಿಳಿವಿನ ಅಂತರದಲ್ಲೇ ರಸವಿದೆ.

1998ರ ಚಲನಚಿತ್ರ ಅಮೆರಿಕದಲ್ಲೇ 10 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಅದರಲ್ಲಿ ಟಾಮಿಗೊಬ್ಬ ತಮ್ಮ ಬಂದ. 2000ದ ಚಿತ್ರದಲ್ಲಿ ಇನ್ನೊಂದು ಮಗು ಸೇರಿತು. ತೊಟ್ಟಿಲುಗಳು ಹೆಚ್ಚಿದಷ್ಟೂ ಕಥೆ ತೆಳುವಾಯಿತೆಂದು ನನ್ನ ಎಣಿಕೆ. 1999ರಲ್ಲಿ ಬಂದ 'ಸ್ಪಾಂಜ್‌ಬಾಬ್' ಅಷ್ಟರಲ್ಲಿ ಮಕ್ಕಳ ಮನಸ್ಸನ್ನು ಸೆಳೆದುಕೊಂಡಿತ್ತು. 2003ರ ಹೊಸ ಮಾಲೆಯಲ್ಲಿ ಅವೇ ಕೂಸುಗಳನ್ನು ಹತ್ತು ವರ್ಷ ದೊಡ್ಡವರನ್ನಾಗಿ ಮಾಡಿದರು. ಹಿರಿಯರ ಮಾತು ಅವರಿಗೂ, ಅವರ ಮಾತು ಹಿರಿಯರಿಗೂ ತಿಳಿಯತೊಡಗಿದ ಮೇಲೆ ಉಳಿಯುವುದೇನು? ಮೂಲ ಮಾಲೆ 2004ರಲ್ಲಿ ನಿಂತಿತು. 2021ರಲ್ಲಿ ಅದನ್ನು ಮತ್ತೆ ಹುಟ್ಟಿಸಿದಾಗ ಟಾಮಿ ಪುನಃ ವರ್ಷದ ಕೂಸೇ ಆದ!

ಹಾಗಾದರೆ ಬೆಳೆದದ್ದೇ ತಪ್ಪೋ? ಅಮೃತಾಪುರದ ಗೋಡೆ ಹೌದೆನ್ನಲು ಬಿಡುವುದಿಲ್ಲ. ಕೃಷ್ಣನ ಫಲಕಗಳಿರುವ ಬದಿಯಲ್ಲೇ ಮಹಾಭಾರತದ 45 ಫಲಕಗಳಿವೆ. ಬೆಣ್ಣೆ ಕದ್ದ ಕೈ ಮುಂದೆ ಕುದುರೆಯ ಲಗಾಮು ಹಿಡಿಯಿತೆಂದು ಯಾರೂ ಮರುಗಿದ್ದಿಲ್ಲ. ಅಲ್ಲಿ ಮಗುವನ್ನು ಬೆಳೆಸಿದ್ದು ಕಥೆ. ಇಲ್ಲಿ ಬೆಳೆಸಿದ್ದೂ ವ್ಯಾಪಾರ, ಅದಕ್ಕೂ ಮುಂಚೆ ಹನ್ನೆರಡು ವರ್ಷ ಬೆಳೆಯಗೊಡದೆ ಇಟ್ಟದ್ದೂ ವ್ಯಾಪಾರ.

ವ್ಯಾಪಾರಿಯನ್ನು ಬೈಯುವುದು ಸುಲಭ. ಎಳವೆಯಲ್ಲಿ ನನ್ನ ಮಗಳು ಚಪಾತಿಯನ್ನು 'ತಪಾತಿ' ಎನ್ನುತ್ತಿದ್ದಳು. ಊಟಕ್ಕೆ ಕೂತಾಗ ನಾನು ಈಗಲೂ ಹಾಗೆಯೇ ಅನ್ನುತ್ತೇನೆ; ಅವಳು ಮುಖ ಸಿಂಡರಿಸುತ್ತಾಳೆ. ನನಗೆ ಬಂದ ಲಾಭವೇನೆಂದು ಯಾರಾದರೂ ಕೇಳಿದರೆ ಉತ್ತರ ಕೊಡಲಾರೆ. ಅಂದು ನಾನಿನ್ನೂ ಬಾಲಕೃಷ್ಣನ ಮುಂದೆಯೇ ನಿಂತಿದ್ದೆ. ಅವಳು ಆಗಲೇ ಭಾರತದ ಫಲಕಗಳ ಕಡೆಗೆ ಹೋಗಿ, "ಅಪ್ಪಾ, ಎಷ್ಟು ಹೊತ್ತು ಅಲ್ಲೇ ನಿಂತಿರ್ತೀಯ? ಬಾ" ಎಂದು ಕೂಗುತ್ತಿದ್ದಳು.