ಮಾರುವವನ ಹೊಣೆ

ಶರಣರು ಲೋಕಕ್ಕಿತ್ತ ಬೆಳಕುಗಳಲ್ಲಿ ಕಾಯಕತತ್ತ್ವವು ಬಹು ದೊಡ್ಡದು. ದುಡಿಮೆಯಲ್ಲಿ ಮೇಲು ಕೀಳೆಂಬುದಿಲ್ಲ. ಬೀದಿಯನ್ನು ಗುಡಿಸುವವನೂ ರಾಜ್ಯದ ಭಂಡಾರವನ್ನು ನೋಡಿಕೊಳ್ಳುವವನೂ ಶಿವನ ಮುಂದೆ ಸಮಾನರೆಂದು ಕಲ್ಯಾಣದ ಶರಣಗಣವು ಸಾರಿತು. ಆದರೆ ಈ ಬೆಳಕಿನ ನೆರಳಿನಲ್ಲಿಯೇ ಒಂದು ತೊಡಕಿನ ಪ್ರಶ್ನೆ ಅಡಗಿದೆ. ಎಲ್ಲ ದುಡಿಮೆಯೂ ಕಾಯಕವಾಗಬಲ್ಲುದಾದರೆ ಮದ್ಯವನ್ನು ಮಾರುವುದೂ ಕಾಯಕವೇ ಅಲ್ಲವೆ? ಕೊಳ್ಳುವವನು ವಯಸ್ಸಿಗೆ ಬಂದವನು, ಕುಡಿಯುವುದು ಬಿಡುವುದು ಅವನ ಇಚ್ಛೆ, ಕಾನೂನು ಅಡ್ಡ ಬಂದಿಲ್ಲ. ಹೀಗಿರುವಾಗ ಮಾರುವವನಿಗೆ ದೋಷವು ಎಲ್ಲಿಂದ ಬಂದೀತು? ಪ್ರಶ್ನೆಯನ್ನು ಕೇಳುವವರೆಲ್ಲರೂ ಕುತರ್ಕಿಗಳಲ್ಲ. ಸಂಸಾರದ ಭಾರವನ್ನು ಹೊತ್ತ ಸಜ್ಜನ ಗೃಹಸ್ಥರಿಗೂ ಇದು ಒಮ್ಮೊಮ್ಮೆ ಎದುರಾಗುತ್ತದೆ. ಆದುದರಿಂದ ಇದನ್ನು ತಾಳ್ಮೆಯಿಂದ ವಿಚಾರಿಸತಕ್ಕದ್ದು.

ದೃಷ್ಟಾಂತಕ್ಕಾಗಿ ಬೆಂಗಳೂರಿನ ಉತ್ತರಕ್ಕಿರುವ ಬಾಗಲಗುಂಟೆಯ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಉಳಿಸಿದ ಹಣದಿಂದ ಆತನು ಒಂದು ಮನೆಯನ್ನೂ ಅದರ ಕೆಳಗೆ ಒಂದು ಮಳಿಗೆಯನ್ನೂ ಕಟ್ಟಿಸಿದ್ದಾನೆ. ಹಿರಿಯ ಮಗನನ್ನು ಸಾಲ ಮಾಡಿ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಓದಲು ಕಳುಹಿಸಿದ್ದಾನೆ. ಸಾಲದ ಕಂತು ತಿಂಗಳು ತಿಂಗಳೂ ಬಾಗಿಲಲ್ಲಿ ನಿಲ್ಲುತ್ತದೆ. ಒಂದು ದಿನ ದಲ್ಲಾಳಿಯು ಬಂದು, “ಯಜಮಾನರೆ, ಮಳಿಗೆಯನ್ನು ಬಾರಿಗೆ ಕೊಡಿ. ದರ್ಜಿ ಕೊಡುವ ಬಾಡಿಗೆಯ ಮೂರರಷ್ಟು ಕೊಡಿಸುತ್ತೇನೆ. ಕಾಲೇಜಿನ ಗೇಟಿಗೆ ನೂರು ಮೀಟರಿಗಿಂತ ಹೆಚ್ಚೇ ಇದೆ, ಟೇಪು ಹಿಡಿದು ಅಳೆದಿದ್ದೇನೆ” ಎನ್ನುತ್ತಾನೆ. ಅದೇ ರಾತ್ರಿ ಮಗನು ಫೋನಿನಲ್ಲಿ ತನ್ನ ವಿಶ್ವವಿದ್ಯಾಲಯದ ಆಟದ ವೈಭವವನ್ನು ಬಣ್ಣಿಸುತ್ತ, “ಅಪ್ಪಾ, ಇಲ್ಲಿ ಕಾಲೇಜಿನವರೇ ಮೈದಾನದಲ್ಲಿ ಬೀರು ಮಾರಿಸುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ” ಎನ್ನುತ್ತಾನೆ. ವಿದ್ಯಾಪೀಠವೇ ಮಾರಬಹುದಾದುದನ್ನು ಮಳಿಗೆಯವನು ಮಾರಿಸಬಾರದೆ? ಗೃಹಸ್ಥನಿಗೆ ಆ ರಾತ್ರಿ ನಿದ್ರೆ ಬಾರದಿದ್ದರೆ ಆಶ್ಚರ್ಯವಿಲ್ಲ.

ಮಗನು ಹೇಳಿದುದು ಸುಳ್ಳಲ್ಲ. ಅಮೆರಿಕದವರು ಫುಟ್ಬಾಲ್ ಎನ್ನುವುದು ನಮ್ಮವರು ಬಲ್ಲ ಕಾಲ್ಚೆಂಡಾಟವಲ್ಲ. ತತ್ತಿಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ನಾಲ್ಕು ಪಾದಗಳುಳ್ಳ ಬೇರೊಂದು ಆಟ. ಅಲ್ಲಿಯ ಕೆಲವು ವಿಶ್ವವಿದ್ಯಾಲಯಗಳ ಕ್ರೀಡಾಂಗಣಗಳಲ್ಲಿ ಒಂದು ಲಕ್ಷಕ್ಕೂ ಮಿಗಿಲಾಗಿ ಜನರು ಕುಳಿತು ನೋಡುತ್ತಾರೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಎರಡರಷ್ಟಕ್ಕೂ ಹೆಚ್ಚು. ಬಹುಕಾಲ ಅಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ಮದ್ಯವನ್ನು ಮಾರುವ ಪದ್ಧತಿ ಹೆಚ್ಚಿನ ಕಡೆಗಳಲ್ಲಿ ಇರಲಿಲ್ಲ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯವು 2011ರಲ್ಲಿ ತನ್ನ ಕ್ರೀಡಾಂಗಣದಲ್ಲಿ ಬೀರಿನ ಮಾರಾಟವನ್ನು ಆರಂಭಿಸಿತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯವು 2016ರಲ್ಲಿ ಕ್ರೀಡಾಂಗಣದಾದ್ಯಂತ ಮಾರಲು ಅನುಮತಿಯಿತ್ತಿತು. ಆಗ್ನೇಯ ರಾಜ್ಯಗಳ 14 ವಿಶ್ವವಿದ್ಯಾಲಯಗಳು ಸೇರಿದ್ದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ಕೂಟವು 2019ರಲ್ಲಿ ತನ್ನ ಹಳೆಯ ನಿಷೇಧವನ್ನು ತೆಗೆದು, ಮಾರುವುದು ಬಿಡುವುದು ಆಯಾ ಸಂಸ್ಥೆಯ ಇಚ್ಛೆಯೆಂದಿತು.

ಈ ಬದಲಾವಣೆಗೆ ಅಲ್ಲಿಯವರು ಹೇಳುವ ಕಾರಣಗಳನ್ನು ನ್ಯಾಯವಾಗಿ ಕೇಳಬೇಕು. ಮೊದಲನೆಯದು ಸುವ್ಯವಸ್ಥೆಯ ಮಾತು. ಒಳಗೆ ಮಾರದಿದ್ದಾಗ ಜನರು ಹೊರಗೆ ಕಾರು ನಿಲ್ಲಿಸುವ ಬಯಲಿನಲ್ಲಿ ಕಂಠಮಟ್ಟ ಕುಡಿದು ಒಳಬರುತ್ತಿದ್ದರು. ನಡುವಿರಾಮದಲ್ಲಿ ಹೊರಹೋಗಿ ಮತ್ತೆ ಕುಡಿದು ಬರುತ್ತಿದ್ದರು. ವೆಸ್ಟ್ ವರ್ಜೀನಿಯಾದಲ್ಲಿ ಮಾರಾಟ ಆರಂಭವಾದ ಮೇಲೆ ಮೈದಾನದ ಗಲಭೆಗಳು ಕಡಿಮೆಯಾದುವೆಂದು ಹೇಳಲಾಯಿತು. ಎರಡನೆಯದು ಆದಾಯದ ಮಾತು: ಬಂದ ಹಣದಿಂದ ಕ್ರೀಡೆಗೂ ರಕ್ಷಣೆಗೂ ಅನುಕೂಲವಾಗುತ್ತದೆ. ಮೂರನೆಯದು ಸಮಾನತೆಯ ಮಾತು. ನಿಷೇಧವಿದ್ದ ಕಾಲದಲ್ಲಿಯೂ ಸೌತ್‌ಈಸ್ಟರ್ನ್ ಕೂಟದ ಕ್ರೀಡಾಂಗಣಗಳ ಖಾಸಗಿ ಕೊಠಡಿಗಳಲ್ಲಿ ಧನಿಕರು ಕುಡಿಯಬಹುದಾಗಿತ್ತು. ಧನಿಕನಿಗೆ ಸಲ್ಲುವುದು ಬಡವನಿಗೇಕೆ ಸಲ್ಲದು? ಜಾತಿ ಸಿರಿಗಳ ಭೇದವನ್ನು ಅಳಿಸಹೊರಟ ಧರ್ಮದವರಿಗೆ ಈ ಮೂರನೆಯ ಮಾತು ಮನಮುಟ್ಟುವಂತಹುದು.

ಆದರೆ ಒಂದೊಂದನ್ನೂ ಒರೆಗೆ ಹಚ್ಚಿದಾಗ ಬೇರೆಯೇ ಬಣ್ಣ ಕಾಣುತ್ತದೆ. ವೆಸ್ಟ್ ವರ್ಜೀನಿಯಾದಲ್ಲಿ ಬೀರಿನ ಮಾರಾಟವನ್ನು ಆರಂಭಿಸಿದ ಕಾಲಕ್ಕೇ, ನಡುವಿರಾಮದಲ್ಲಿ ಹೊರಹೋಗಿ ಮರಳಿ ಬರುವ ರೂಢಿಯನ್ನೂ ನಿಲ್ಲಿಸಲಾಗಿತ್ತು. ಹೀಗಿರಲು ಗಲಭೆ ಇಳಿದುದರ ಕೀರ್ತಿಯೆಲ್ಲವೂ ಬೀರಿಗೆ ಸಲ್ಲಲಾರದು. ಮುಚ್ಚಿದ ಬಾಗಿಲಿಗೂ ಪಾಲಿದೆ. ಅಲ್ಲದೆ ಸೌತ್‌ಈಸ್ಟರ್ನ್ ಕೂಟವು ಮಾರಾಟಕ್ಕೆ ವಿಧಿಸಿದ ಕಟ್ಟಳೆಗಳನ್ನು ನೋಡಬೇಕು: ಬೀರು ಮತ್ತು ದ್ರಾಕ್ಷಾರಸಗಳನ್ನು ಬಿಟ್ಟು ಬೇರೆ ಮದ್ಯ ಕೂಡದು, ಕುಳಿತವರ ನಡುವೆ ಹೊತ್ತು ತಿರುಗಿ ಮಾರಕೂಡದು, ಪ್ರತಿ ಸಲವೂ ವಯಸ್ಸಿನ ಗುರುತನ್ನು ನೋಡತಕ್ಕದ್ದು, ಒಮ್ಮೆಗೆ ಇಷ್ಟೇ ಎಂಬ ಮಿತಿಯಿರತಕ್ಕದ್ದು, ಆಟದ ಮೂರನೆಯ ಪಾದ ಮುಗಿಯುತ್ತಲೇ ಮಾರಾಟ ನಿಲ್ಲತಕ್ಕದ್ದು. ಕಟ್ಟಳೆಗಳು ವಿವೇಕದವೇ ಸರಿ. ಆದರೆ ಹಾಲು ಮಾರುವವನು ಗಿರಾಕಿಗೆ ಇಂಥ ಕಟ್ಟಳೆಗಳನ್ನು ವಿಧಿಸುವುದಿಲ್ಲ. ಅಕ್ಕಿಯ ಅಂಗಡಿಯವನು ಮೂರನೆಯ ಜಾವಕ್ಕೆ ತಕ್ಕಡಿಯನ್ನು ಕೆಳಗಿಡುವುದಿಲ್ಲ. ತಾನು ಮಾರುವ ವಸ್ತುವಿಗೆ ತಾನೇ ಅಂಜಿ ಬೇಲಿ ಕಟ್ಟುವವನು, ಆ ವಸ್ತುವಿನ ಗುಣವನ್ನು ತನ್ನ ಬಾಯಿಂದಲೇ ಒಪ್ಪಿಕೊಂಡಂತಾಯಿತು.

ಆದಾಯದ ಮಾತಂತೂ ಇನ್ನೂ ವಿಚಿತ್ರ. ಒಹಾಯೊ ಸ್ಟೇಟಿನಲ್ಲಿ ಬೀರಿನಿಂದ ಬಂದ ಹಣದ ಒಂದು ಪಾಲನ್ನು ಆವರಣದ ಪೊಲೀಸರನ್ನು ಹೆಚ್ಚಿಸಲು ಬಳಸುವ ಏರ್ಪಾಡಾಯಿತು. ಕಿಚ್ಚನ್ನು ಮಾರಿ ಬಂದ ಹಣದಿಂದ ನೀರನ್ನು ಕೊಳ್ಳುವ ಲೆಕ್ಕವಿದು. ಇನ್ನು ಸಮಾನತೆಯ ಮಾತು. ಮೇಲಿನ ಕೊಠಡಿಯವನೂ ಕೆಳಗಿನ ಮೆಟ್ಟಿಲಿನವನೂ ಸಮಾನರಾಗಲು ಎರಡು ದಾರಿಗಳುಂಟು: ಇಬ್ಬರಿಗೂ ಬಟ್ಟಲನ್ನು ಕೊಡುವುದು ಒಂದು, ಇಬ್ಬರ ಕೈಯಿಂದಲೂ ಬಟ್ಟಲನ್ನು ಇಳಿಸುವುದು ಇನ್ನೊಂದು. ವ್ಯಾಪಾರಿಯ ಕಣ್ಣಿಗೆ ಮೊದಲನೆಯದೇ ಬೀಳುತ್ತದೆ. ಮೇಲಾಗಿ ಆ ದೇಶದಲ್ಲಿ ಕುಡಿಯುವ ವಯಸ್ಸು 21. ಕಾಲೇಜಿನ ಬಹುಪಾಲು ಹುಡುಗರು ಅದಕ್ಕಿಂತ ಕಿರಿಯರು. ಯಾರ ಹೆಸರಿನಲ್ಲಿ ಆಟ ನಡೆಯುತ್ತದೆಯೋ ಅವರೇ ಕೊಳ್ಳಕೂಡದ ವಸ್ತುವನ್ನು ಅವರ ಕಣ್ಣೆದುರಿಗೆ ಅವರ ಗುರುಗಳ ಸಂಸ್ಥೆಯೇ ಮಾರುತ್ತದೆ.

ಬೇರೆ ದೇಶಗಳ ಅನುಭವವೂ ವಿಚಾರಾರ್ಹವಾಗಿದೆ. ಸ್ಕಾಟ್ಲೆಂಡಿನ ಹ್ಯಾಂಪ್ಡನ್ ಪಾರ್ಕಿನಲ್ಲಿ 1980ರ ಮೇ 10ರಂದು ಕಪ್ಪಿನ ಅಂತಿಮ ಪಂದ್ಯವಾದೊಡನೆ ಎರಡೂ ಪಕ್ಷದ ಅಭಿಮಾನಿಗಳು ಮೈದಾನಕ್ಕಿಳಿದು ಹೊಡೆದಾಡಿದರು. ಅದೇ ವರ್ಷ ಅಲ್ಲಿ ಫುಟ್ಬಾಲ್ ಮೈದಾನಗಳಿಗೆ ಮದ್ಯನಿಷೇಧದ ಕಾನೂನು ಬಂದಿತು. ಇಂಗ್ಲೆಂಡು 1985ರ ಕಾನೂನಿನಿಂದ, ಆಟದ ಅಂಗಳವು ಕಣ್ಣಿಗೆ ಕಾಣುವ ಜಾಗದಲ್ಲಿ ಕುಡಿಯುವುದನ್ನು ನಿಲ್ಲಿಸಿತು. ಬ್ರೆಜಿಲಿನಲ್ಲಿ ನಿಷೇಧವಿದ್ದಿತು, 2014ರ ವಿಶ್ವಕಪ್ಪಿಗಾಗಿ 2012ರಲ್ಲಿ ವಿಶೇಷ ಕಾನೂನನ್ನು ಮಾಡಿ ಅದನ್ನು ಸಡಿಲಿಸಬೇಕಾಯಿತು. ಕತಾರಿನಲ್ಲಿ 2022ರ ವಿಶ್ವಕಪ್ಪು ಆರಂಭವಾಗಲು ಎರಡು ದಿನವಿರುವಾಗ ಕ್ರೀಡಾಂಗಣಗಳ ಬೀರಿನ ಮಾರಾಟವನ್ನು ನಿಲ್ಲಿಸಲಾಯಿತು. ಆದರೂ ಪಂದ್ಯಗಳು ನಡೆದುವು, ಜನರು ನೋಡಿ ಹರ್ಷಿಸಿದರು. ಆಟಕ್ಕೆ ಬೀರು ಬೇಕೇ ಬೇಕೆಂಬುದು ಆಟದ ಸ್ವಭಾವದಿಂದ ಹುಟ್ಟಿದ ಮಾತಲ್ಲ, ಮಾರುವವನ ಅಗತ್ಯದಿಂದ ಹುಟ್ಟಿದ ಮಾತು.

ಕನ್ನಡ ನಾಡಿನ ಕಾಲೇಜು ಮೈದಾನಗಳಲ್ಲಿ ಬೀರಿನ ಬಟ್ಟಲು ತಿರುಗುವುದಿಲ್ಲವೆಂದು ಹೆಮ್ಮೆಪಟ್ಟುಕೊಳ್ಳುವಂತೆಯೂ ಇಲ್ಲ. ಬಟ್ಟಲು ಬಾರದಿದ್ದರೂ ಹೆಸರು ಬಂದಿದೆ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹವು 1998ರಲ್ಲಿ ಕೊಲ್ಕತ್ತದ ಹೆಸರಾಂತ ಫುಟ್ಬಾಲ್ ಸಂಘಗಳೆರಡರೊಡನೆ ಒಪ್ಪಂದ ಮಾಡಿಕೊಂಡಾಗ, ಮೋಹನ್ ಬಾಗಾನಿನ ಹಿಂದೆ ಮ್ಯಾಕ್‌ಡೊವೆಲ್ ಎಂಬುದೂ ಈಸ್ಟ್ ಬೆಂಗಾಲಿನ ಹಿಂದೆ ಕಿಂಗ್‌ಫಿಷರ್ ಎಂಬುದೂ ಸೇರಿಕೊಂಡುವು. ಅದೇ ಸಮೂಹವು 2008ರಲ್ಲಿ 11 ಕೋಟಿ 16 ಲಕ್ಷ ಡಾಲರಿಗೆ ಬೆಂಗಳೂರಿನ ಕ್ರಿಕೆಟ್ ತಂಡವನ್ನು ಕೊಂಡು, ತನ್ನದೊಂದು ವಿಸ್ಕಿಯ ಹೆಸರನ್ನು ನೆನಪಿಸುವಂತೆ ಅದಕ್ಕೆ ನಾಮಕರಣ ಮಾಡಿತು. ದೂರದರ್ಶನ ವಾಹಿನಿಗಳಲ್ಲಿ ಮದ್ಯದ ಜಾಹೀರಾತು ನಿಷಿದ್ಧವಾಗಿರುವಾಗ, ನಿಷೇಧಿಸಲಾಗದ ಜಾಹೀರಾತು ಮಕ್ಕಳ ಅಂಗಿಯ ಮೇಲೆಯೂ ನಾಲಗೆಯ ಮೇಲೆಯೂ ಬಂದು ಕುಳಿತಿತು.

ಸರ್ಕಾರದ ಮನಸ್ಸೂ ಇಬ್ಬಂದಿಯಾಗಿದೆ. ಸಂವಿಧಾನದ 47ನೆಯ ಅನುಚ್ಛೇದವು ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಯತ್ನಿಸತಕ್ಕದ್ದೆಂದು ಹೇಳುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯ ಮಾರಾಟ ನಿಂತಿತು. ಆದರೆ 2025ರ ಮಾರ್ಚ್ ತಿಂಗಳ ಆಯವ್ಯಯದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ಗುರಿಯನ್ನು ಇಡಲಾಯಿತು. ಮದ್ಯವನ್ನು ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮವು 2023ರ ಜನವರಿಯಲ್ಲಿ ಹೊರಬಂದು, ಜನರ ವಿರೋಧದಿಂದ ಆ ತಿಂಗಳಲ್ಲಿಯೇ ಹಿಂದಕ್ಕೆ ಹೋಯಿತು. ಹದಿನೆಂಟು ತುಂಬಿದವರು ಎಲ್ಲಿದ್ದಾರೆ? ಕಾಲೇಜಿನ ತರಗತಿಯಲ್ಲಿಯೂ ಮೈದಾನದಲ್ಲಿಯೂ ಇದ್ದಾರೆ. ವಿದ್ಯಾಸಂಸ್ಥೆ, ದೇವಾಲಯ, ಆಸ್ಪತ್ರೆಗಳಿಂದ ನೂರು ಮೀಟರಿನೊಳಗೆ ಮದ್ಯದಂಗಡಿ ಕೂಡದೆಂಬ 1967ರ ನಿಯಮವು ಇದೆ. ಆದರೆ ಹುಡುಗನ ಕಾಲಿಗೆ ನೂರ ಒಂದನೆಯ ಮೀಟರು ದೂರವಲ್ಲ. ಕಾನೂನು ನೆಲವನ್ನು ಅಳೆಯಬಲ್ಲುದು. ಮನಸ್ಸನ್ನು ಅಳೆಯುವ ಟೇಪು ಗೃಹಸ್ಥನ ಅಂತರಂಗದಲ್ಲಿಯೇ ಇರಬೇಕು.

ಆ ಅಳತೆ ಯಾವುದು? ಇದಕ್ಕೆ ಶರಣರ ಗಣದಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಹೆಂಡದ ಮಾರಯ್ಯನೆಂಬ ಶರಣರಿದ್ದರು. ಧರ್ಮೇಶ್ವರಲಿಂಗವೆಂಬ ಅಂಕಿತದ ಅವರ ಕೆಲವು ವಚನಗಳು ಉಳಿದು ಬಂದಿವೆ. ಹೆಸರೇ ಹೇಳುವಂತೆ ಅವರ ವೃತ್ತಿ ಹೆಂಡದ ಮಾರಾಟ. ಶರಣರು ಅವರನ್ನು ದೂರವಿಡಲಿಲ್ಲ, ತಮ್ಮ ಸಾಲಿನಲ್ಲಿ ಕುಳ್ಳಿರಿಸಿಕೊಂಡರು. ಆದುದರಿಂದ ಬಾರಿನಲ್ಲಿ ದುಡಿಯುವ ಕೂಲಿಯವನನ್ನಾಗಲಿ ಕುಡಿತಕ್ಕೆ ಬಿದ್ದವನನ್ನಾಗಲಿ ಹೀನವೆಂದು ಕಾಣುವುದು ಶರಣಧರ್ಮವಲ್ಲ. ಆದರೆ ಈ ನಿದರ್ಶನವನ್ನು ಅರ್ಧಕ್ಕೆ ನಿಲ್ಲಿಸಬಾರದು. ಮಾರಯ್ಯನವರು ತಮ್ಮ ಬಳಿಗೆ ಕುಡಿಯಲು ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳಿ ಅವರನ್ನು ಅದರಿಂದ ಬಿಡಿಸಲೆಳಸುತ್ತಿದ್ದರೆಂದು ಪರಂಪರೆಯು ಹೇಳುತ್ತದೆ. ಗಿರಾಕಿ ಕಡಿಮೆಯಾದಷ್ಟೂ ಅವರಿಗೆ ಸಂತೋಷ ಹೆಚ್ಚು.

ಕಾಯಕದ ಒರೆಗಲ್ಲು ಇಲ್ಲಿದೆ. ನೇಕಾರನು ತಾನು ನೆಯ್ದ ಬಟ್ಟೆ ಬಹುಕಾಲ ಬಾಳಲೆಂದು ಹಾರೈಸಬಲ್ಲನು. ಒಕ್ಕಲಿಗನು ತನ್ನ ಜೋಳವನ್ನು ಉಂಡವರ ಹೊಟ್ಟೆ ತಣಿಯಲೆಂದು ಹಾರೈಸಬಲ್ಲನು. ವೈದ್ಯನು ರೋಗಿಯು ಮತ್ತೆ ತನ್ನ ಬಾಗಿಲಿಗೆ ಬಾರದಿರಲೆಂದೇ ಹಾರೈಸಬೇಕು. ಕೊಳ್ಳುವವನ ಹಿತವೂ ಮಾರುವವನ ಹಿತವೂ ಒಂದೇ ದಾರಿಯಲ್ಲಿ ನಡೆಯುವ ದುಡಿಮೆಯು ಕಾಯಕ. ಕೊಳ್ಳುವವನ ಅಂಕೆ ತಪ್ಪಿದಷ್ಟೂ ಮಾರುವವನ ಪೆಟ್ಟಿಗೆ ತುಂಬುವಂತಿದ್ದರೆ ಅದು ಗಳಿಕೆಯಾದೀತು, ಕಾಯಕವಾಗಲಾರದು. ಕ್ರೀಡಾಂಗಣದಲ್ಲಿ ಸುವ್ಯವಸ್ಥೆಗಾಗಿಯೇ ಬೀರು ಮಾರುತ್ತೇವೆನ್ನುವ ವಿದ್ಯಾಪೀಠವನ್ನು ಒಂದೇ ಪ್ರಶ್ನೆಯನ್ನು ಕೇಳಬಹುದು: ಹೋದ ವರ್ಷಕ್ಕಿಂತ ಈ ವರ್ಷ ಅರ್ಧದಷ್ಟೇ ಮಾರಾಟವಾದರೆ ನಿಮಗೆ ಹರ್ಷವೋ ವಿಷಾದವೋ? ಹರ್ಷವೆಂದರೆ ಅವರ ಮಾತು ನಂಬತಕ್ಕದ್ದು. ವಿಷಾದವೆಂದರೆ ಸುವ್ಯವಸ್ಥೆಯೆಂಬುದು ಹೊದ್ದುಕೊಂಡ ಶಾಲು ಮಾತ್ರ.

ಬಾಗಲಗುಂಟೆಯ ಗೃಹಸ್ಥನಿಗೂ ಇದೇ ಪ್ರಶ್ನೆ. ಮಳಿಗೆಯನ್ನು ಕೊಟ್ಟರೆ ಸಾಲದ ಕಂತು ಹಗುರವಾಗುತ್ತದೆ. ಆದರೆ ಪಕ್ಕದ ಮನೆಯ ಹುಡುಗನು ಮೆಟ್ಟಿಲು ಹತ್ತುವಾಗ ಆತನ ಮನಸ್ಸು ಬಾಡಿಗೆಯ ಕಡೆಗೋ ಹುಡುಗನ ಕಡೆಗೋ? ದಲ್ಲಾಳಿಯು ಇನ್ನೊಂದು ಮಾತನ್ನೂ ಆಡಿಯಾನು: “ನೀವು ಕೊಡದಿದ್ದರೆ ಮೂರು ಮನೆಯಾಚೆಯವರು ಕೊಡುತ್ತಾರೆ. ನಿಮ್ಮ ನಷ್ಟವೇ ಹೊರತು ಯಾರೂ ಕುಡಿಯುವುದನ್ನು ಬಿಡುವುದಿಲ್ಲ.” ಇದು ಬಹುಮಟ್ಟಿಗೆ ನಿಜ. ಆದರೆ ಸದಾಚಾರವು ಲೋಕವು ಕೂಡಲೇ ತಿದ್ದಿಕೊಳ್ಳುವುದೆಂಬ ಭರವಸೆಯ ಮೇಲೆ ನಿಂತಿಲ್ಲ. ಊರೆಲ್ಲ ಕಳವು ಮಾಡಿದರೂ ತನ್ನ ಕೈ ಶುದ್ಧವಾಗಿರಬೇಕೆನ್ನುವವನು ಊರಿನ ಲೆಕ್ಕವನ್ನು ಕೇಳಿ ನಡೆಯುವುದಿಲ್ಲ. ದಾಸೋಹಕ್ಕೆ ನೀಡುವ ಹಣವು ಸತ್ಯಶುದ್ಧವಾದ ಕಾಯಕದಿಂದ ಬಂದುದಾಗಿರಬೇಕೆಂದು ಶರಣರು ವಿಧಿಸಿದುದು ಈ ಕಾರಣಕ್ಕಾಗಿಯೇ.

ಆದರೂ ಒಲ್ಲೆನೆಂದು ಬಾಗಿಲು ಮುಚ್ಚಿಕೊಂಡಷ್ಟಕ್ಕೆ ಹೊಣೆ ತೀರದು. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಮನೆಮನೆಗೆ ನಡೆದರು. ಅವರು ಬೇಡಿದುದು ಅಕ್ಕಿಯನ್ನಲ್ಲ, ಹಣವನ್ನಲ್ಲ. “ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ” ಎಂಬುದೇ ಅವರ ಭಿಕ್ಷೆಯ ತಿರುಳು. 2018ರಲ್ಲಿ ಲಿಂಗೈಕ್ಯರಾಗುವ ತನಕ ಅವರು ಆ ಜೋಳಿಗೆಯನ್ನು ಕೆಳಗಿಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಮದ್ಯದವನು ಬಟ್ಟಲನ್ನು ಹಿಡಿದು ಬಾಗಿಲಿಗೆ ಬಂದರೆ, ಧರ್ಮವು ಬರಿಯ ಬೈಗುಳವನ್ನು ಹಿಡಿದು ಹೋಗದೆ ಜೋಳಿಗೆಯನ್ನು ಹಿಡಿದು ಹೋಯಿತು.

ಗೃಹಸ್ಥರಿಗೂ ಇದರಿಂದ ಒಂದು ದಾರಿ ತೋರುತ್ತದೆ. ವಿದ್ಯಾಸಂಸ್ಥೆಗಳು ಆಟಕ್ಕೆ ಹಣವಿಲ್ಲವೆಂದಾಗಲೇ ಮದ್ಯದ ಸಾಹುಕಾರನಿಗೆ ಬಾಗಿಲು ತೆರೆಯುತ್ತದೆ. ಆಟವನ್ನು ಮೆಚ್ಚುವವರು ಅದರ ವೆಚ್ಚವನ್ನು ಹೊರಲೊಲ್ಲದಿದ್ದರೆ, ಹೊರುವವನು ತನಗೆ ಬೇಕಾದ ಬೆಲೆಯನ್ನು ಕೇಳಿಯೇ ಕೇಳುತ್ತಾನೆ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆಯನ್ನಿಟ್ಟು ನೀರು ಮಜ್ಜಿಗೆಗಳನ್ನು ಹಂಚಿದ ನಾಡು ಇದು. ಬಡಾವಣೆಯ ಶಾಲೆ ಕಾಲೇಜುಗಳ ಪಂದ್ಯ ನಡೆವ ದಿನ ಹತ್ತು ಮನೆಯವರು ಸೇರಿ ಒಂದು ಅರವಟ್ಟಿಗೆಯನ್ನು ಇಡಲಾರರೆ? ಹುಡುಗರಿಗೆ ಚೆಂಡನ್ನೂ ಬಹುಮಾನವನ್ನೂ ಒದಗಿಸಲಾರರೆ? ಇದೂ ದಾಸೋಹವೇ. ಅಂಗಳದಲ್ಲಿ ಬಾಯಾರಿದವನಿಗೆ ಮೊದಲು ಯಾರ ಕೈ ಚಾಚುತ್ತದೆಯೋ ಅವನು ಆ ಕೈಯನ್ನು ಹಿಡಿಯುತ್ತಾನೆ.

ಮಳಿಗೆಯು ದರ್ಜಿಗೇ ಸಂದರೆ ಗೃಹಸ್ಥನು ಸಾಲವನ್ನು ಇನ್ನಷ್ಟು ವರ್ಷ ತೀರಿಸಬೇಕಾದೀತು. ಆ ಕಷ್ಟವು ಸಣ್ಣದಲ್ಲ. ಅದನ್ನು ಸಣ್ಣದೆಂದು ಹೇಳುವವರು ಅದನ್ನು ಹೊತ್ತವರಲ್ಲ. ಆದರೆ ಮಗನಿಗೆ ಮುಂದಿನ ಸಲ ಫೋನಿನಲ್ಲಿ ಉತ್ತರ ಕೊಡುವಾಗ ಆ ತಂದೆಯ ದನಿ ತಡವರಿಸದು. ಮಾರುವವನ ಹೊಣೆಯು ಹಣ ಕೈಸೇರಿದೊಡನೆ ಮುಗಿಯುವುದಿಲ್ಲ. ಕೊಂಡವನು ತನ್ನ ಮನೆಯನ್ನು ಯಾವ ಸ್ಥಿತಿಯಲ್ಲಿ ಸೇರುತ್ತಾನೆಂಬಲ್ಲಿಯವರೆಗೂ ಅದು ಜೊತೆಯಲ್ಲಿ ನಡೆದು ಹೋಗುತ್ತದೆ. ಅಷ್ಟು ದೂರ ಅಂಜದೆ ಜೊತೆಗೆ ಹೋಗಬಲ್ಲ ದುಡಿಮೆಯನ್ನೇ ಕಾಯಕವೆಂದು ತಿಳಿಯತಕ್ಕದ್ದು.