ಹಾಸಿಗೆ ಹಾಸಿದವನ ಹೆಸರು

ಸುಖವಾಗಿ ಬದುಕುವುದು ತಪ್ಪೇ? ಈ ಪ್ರಶ್ನೆಗೆ ಅವಸರದ ಉತ್ತರಗಳು ಎರಡಿವೆ. ಸುಖವೆಲ್ಲವೂ ದೋಷವೇ ಎನ್ನುವುದು ಒಂದು. ನನ್ನ ದುಡ್ಡು, ನನ್ನ ಸುಖ, ಕೇಳುವವರಾರು ಎನ್ನುವುದು ಮತ್ತೊಂದು. ಎರಡರಲ್ಲೂ ವಿವೇಚನೆಗೆ ಎಡೆಯಿಲ್ಲ. ಕಳೆದ ಶತಮಾನದಲ್ಲಿ ಅಮೆರಿಕದಲ್ಲಿ ಓಡಿದ ವೈಭವದ ರೈಲುಗಳ ಚರಿತ್ರೆಯನ್ನು ಓದುವಾಗ ಮೂರನೆಯ ಉತ್ತರವೊಂದು ಹೊಳೆಯುತ್ತದೆ. ಅದನ್ನು ನಿಮ್ಮ ಮುಂದಿಡಬಯಸುತ್ತೇನೆ.

1929ರ ಆರ್ಥಿಕ ಕುಸಿತದ ನಂತರ ಆ ದೇಶದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಮೋಟಾರು ಕಾರುಗಳ ಪೈಪೋಟಿಯಿಂದ ಮೊದಲೇ ಸೊರಗಿದ್ದ ರೈಲು ಕಂಪನಿಗಳು ಮತ್ತಷ್ಟು ಪ್ರಯಾಣಿಕರನ್ನು ಕಳೆದುಕೊಂಡವು. ಅವರನ್ನು ಮರಳಿ ಸೆಳೆಯಲು ಹೊಸ ಬಗೆಯ ರೈಲುಗಳನ್ನು ಕಟ್ಟಿಸಿದವು. ಗಾಳಿಯ ತಡೆ ತಗ್ಗುವಂತೆ ಮೂಲೆಗಳನ್ನೆಲ್ಲ ದುಂಡಗೆ ಮಾಡಿದ, ಹಗುರವಾದ, ವೇಗದ ರೈಲುಗಳವು. 1934ರ ಮೇ 26ರಂದು 'ಬರ್ಲಿಂಗ್ಟನ್ ಜೆಫಿರ್' ಎಂಬ ರೈಲು ಬೆಳಗಿನ ಜಾವ ಡೆನ್ವರ್ ನಗರವನ್ನು ಬಿಟ್ಟು, ದಾರಿಯಲ್ಲಿ ಎಲ್ಲಿಯೂ ನಿಲ್ಲದೆ, 1,015 ಮೈಲಿಗಳನ್ನು 13 ಗಂಟೆ 5 ನಿಮಿಷಗಳಲ್ಲಿ ಕ್ರಮಿಸಿ, ಸಂಜೆಯ ಹೊತ್ತಿಗೆ ಶಿಕಾಗೋ ತಲುಪಿತು. ತುಕ್ಕು ಹಿಡಿಯದ ಉಕ್ಕಿನ ಮೈ, ಡೀಸೆಲ್ ಎಂಜಿನ್. ಹೊಗೆ ಉಗುಳುವ ಹಬೆಯ ಗಾಡಿಗಳಿಗೆ ಒಗ್ಗಿದ್ದ ಜನ ಹಳಿಗಳ ಬದಿಯಲ್ಲಿ ನಿಂತು ಆ ಬೆಳ್ಳಿಯ ಮಿಂಚನ್ನು ನೋಡಿದರು. ಚೆಲುವಾದ ವಸ್ತುವಿಗೆ ಎದೆಗುಂದಿದ ಮನುಷ್ಯನನ್ನು ಎತ್ತಿ ನಿಲ್ಲಿಸುವ ಶಕ್ತಿಯುಂಟು. ಅದನ್ನು ನಾವು ಹಗುರವಾಗಿ ಕಾಣಬಾರದು.

ನ್ಯೂಯಾರ್ಕ್ ಮತ್ತು ಶಿಕಾಗೋ ನಡುವೆ 1902ರಿಂದಲೇ ಓಡುತ್ತಿದ್ದ 'ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್' 1938ರಲ್ಲಿ ಇಂಥದೇ ಹೊಸ ರೂಪ ತಳೆಯಿತು. ಹೆನ್ರಿ ಡ್ರೈಫಸ್ ಎಂಬ ವಿನ್ಯಾಸಕಾರರು ಎಂಜಿನ್ನಿನ ಮುಖದಿಂದ ಊಟದ ತಟ್ಟೆಯವರೆಗೆ ಎಲ್ಲಕ್ಕೂ ಒಂದೇ ಹೊಂದಿಕೆಯ ಚೆಲುವನ್ನು ಕೊಟ್ಟರು. ಪ್ರಯಾಣಿಕರು ನ್ಯೂಯಾರ್ಕಿನ ನಿಲ್ದಾಣದಲ್ಲಿ ಕೆಂಪು ಜಮಖಾನೆಯ ಮೇಲೆ ನಡೆದು ರೈಲನ್ನೇರುತ್ತಿದ್ದರು. ರಾತ್ರಿ ಸುಖವಾಗಿ ನಿದ್ರಿಸಿ, ಹದಿನಾರು ಗಂಟೆಗಳಲ್ಲಿ ಶಿಕಾಗೋದಲ್ಲಿ ಇಳಿಯುತ್ತಿದ್ದರು.

ಆದರೆ ಆ ಹಾಸಿಗೆಯನ್ನು ಹಾಸಿದವರು ಯಾರು? ರಾತ್ರಿ ಬೂಟುಗಳಿಗೆ ಪಾಲಿಶ್ ಹಾಕಿದವರು, ಕರೆಗಂಟೆ ಬಾರಿಸಿದಾಗಲೆಲ್ಲ ಎದ್ದು ಬಂದವರು ಯಾರು? ಮಲಗುವ ಬೋಗಿಗಳನ್ನು ನಡೆಸುತ್ತಿದ್ದ ಪುಲ್‌ಮನ್ ಕಂಪನಿ ಈ ಪೋರ್ಟರ್ ಕೆಲಸಕ್ಕೆ ಬಹುಮಟ್ಟಿಗೆ ಕಪ್ಪು ಜನರನ್ನೇ ನೇಮಿಸಿಕೊಳ್ಳುತ್ತಿತ್ತು. ಪ್ರಯಾಣಿಕರು ಅವರನ್ನೆಲ್ಲ ಕರೆಯುತ್ತಿದ್ದುದು 'ಜಾರ್ಜ್' ಎಂದು. ಕಂಪನಿಯ ಸ್ಥಾಪಕನ ಹೆಸರು ಜಾರ್ಜ್ ಪುಲ್‌ಮನ್. ಗುಲಾಮನನ್ನು ಒಡೆಯನ ಹೆಸರಿನಿಂದ ಕರೆಯುವ ಹಳೆಯ ರೂಢಿ, ಗುಲಾಮಗಿರಿ ಕೊನೆಗೊಂಡ ಮೇಲೂ ರೈಲನ್ನು ಏರಿ ಕುಳಿತಿತ್ತು. ತಂದೆತಾಯಿ ಪ್ರೀತಿಯಿಂದ ಇಟ್ಟ ಹೆಸರು ಆ ಬೋಗಿಯ ಬಾಗಿಲಿನಾಚೆಯೇ ಉಳಿಯುತ್ತಿತ್ತು.

ದುಡಿಯುವವರಷ್ಟೇ ಅಲ್ಲ, ಟಿಕೆಟು ಕೊಂಡು ಬಂದ ಕಪ್ಪು ಪ್ರಯಾಣಿಕರೂ ಈ ಕುರುಡುತನವನ್ನು ಅನುಭವಿಸಿದರು. 1942ರ ಮೇ ತಿಂಗಳಲ್ಲಿ ಎಲ್ಮರ್ ಹೆಂಡರ್ಸನ್ ಎಂಬ ಸರ್ಕಾರಿ ನೌಕರರು ಮೊದಲ ದರ್ಜೆಯ ಟಿಕೆಟಿನೊಂದಿಗೆ ದಕ್ಷಿಣದ ಕಡೆಗೆ ಪ್ರಯಾಣಿಸುತ್ತಿದ್ದರು. ಊಟದ ಬೋಗಿಯಲ್ಲಿ ಕಪ್ಪು ಜನರಿಗೆಂದು ಪರದೆಯ ಹಿಂದೆ ಮೀಸಲಿದ್ದ ಮೇಜುಗಳಲ್ಲಿ ಬಿಳಿಯರು ಕುಳಿತಿದ್ದರು. ಖಾಲಿ ಕುರ್ಚಿಯಿದ್ದರೂ ಇವರಿಗೆ ಜಾಗ ಕೊಡಲಿಲ್ಲ. ಕೊನೆಗೆ ಊಟದ ಬೋಗಿಯನ್ನೇ ರೈಲಿನಿಂದ ಕಳಚಲಾಯಿತು. ಅವರು ಅಲ್ಲಿ ಉಣ್ಣಲಾಗಲಿಲ್ಲ. ಈ ಪದ್ಧತಿ ಕಾನೂನಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟು ತೀರ್ಪು ನೀಡಿದ್ದು 1950ರಲ್ಲಿ, ಎಂಟು ವರ್ಷಗಳ ನಂತರ.

ನೀವು ಕೇಳಬಹುದು: ಆ ಕೆಲಸದಿಂದ ಪೋರ್ಟರುಗಳ ಮನೆಯ ಒಲೆ ಉರಿಯಿತಲ್ಲವೇ? ನಿಜ. ಕಪ್ಪು ಜನರಿಗೆ ಬೇರೆ ಬಾಗಿಲುಗಳು ಮುಚ್ಚಿದ್ದ ಕಾಲದಲ್ಲಿ ಅದು ಅವರ ಸಮುದಾಯದಲ್ಲಿ ಗೌರವದ ಉದ್ಯೋಗವೇ ಆಗಿತ್ತು. ಎಷ್ಟೋ ಪೋರ್ಟರುಗಳು ಆ ದುಡಿಮೆಯಿಂದಲೇ ಮಕ್ಕಳನ್ನು ಓದಿಸಿದರು. ಆದರೆ ತಿಂಗಳಿಗೆ ಸುಮಾರು 400 ಗಂಟೆಗಳ ದುಡಿಮೆ, ಸಾಲದ ಸಂಬಳ, ಉಳಿದುದಕ್ಕೆ ಪ್ರಯಾಣಿಕರು ಕೊಡುವ ಟಿಪ್ಸ್. ಟಿಪ್ಸ್ ಬೇಕಾದರೆ ಅವಮಾನವನ್ನು ನುಂಗಿ ನಗಲೇಬೇಕು. ಅನ್ನ ಕೊಟ್ಟ ಮಾತ್ರಕ್ಕೆ ಹೆಸರನ್ನು ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಬರುವುದಿಲ್ಲ.

1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಪೋರ್ಟರುಗಳು ಸಂಘ ಕಟ್ಟಿದರು. ರಾಂಡಾಲ್ಫ್ ಪೋರ್ಟರ್ ಆಗಿರಲಿಲ್ಲ. ಆದ್ದರಿಂದ ಅವರನ್ನು ಕೆಲಸದಿಂದ ಕಿತ್ತುಹಾಕುವ ಬೆದರಿಕೆಗೆ ಅರ್ಥವಿರಲಿಲ್ಲ. ಸದಸ್ಯರಲ್ಲಿ ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. ಹನ್ನೆರಡು ವರ್ಷಗಳ ಹೋರಾಟದ ಬಳಿಕ, 1937ರಲ್ಲಿ, ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು. ತಿಂಗಳ ದುಡಿಮೆ 240 ಗಂಟೆಗಳಿಗೆ ಇಳಿಯಿತು, ಸಂಬಳ ಏರಿತು. ಗಮನಿಸಿ, ರೈಲಿನ ವೈಭವ ನಿಲ್ಲಲಿ ಎಂದು ಅವರು ಕೇಳಲಿಲ್ಲ. ತಮ್ಮನ್ನು ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯಿರಿ ಎಂದಷ್ಟೇ ಕೇಳಿದರು.

ಮುಂದೆ ಆ ವೈಭವವೂ ಉಳಿಯಲಿಲ್ಲ. 1956ರ ಕಾಯ್ದೆಯಿಂದ ಹೆದ್ದಾರಿಗಳು ಹರಡಿದವು. 1958ರಿಂದ ಜೆಟ್ ವಿಮಾನಗಳು ದೂರವನ್ನು ನುಂಗಿದವು. 1967ರ ಡಿಸೆಂಬರಿನಲ್ಲಿ 'ಟ್ವೆಂಟಿಯತ್ ಸೆಂಚುರಿ' ಕೊನೆಯ ಪ್ರಯಾಣ ಮುಗಿಸಿತು. ಮರುವರ್ಷದ ಕೊನೆಗೆ ಪುಲ್‌ಮನ್ ಕಂಪನಿಯೂ ಮಲಗುವ ಬೋಗಿಗಳ ಸೇವೆಯನ್ನು ನಿಲ್ಲಿಸಿತು. 1934ರ ಆ ಜೆಫಿರ್ ರೈಲು ಶಿಕಾಗೋದ ವಸ್ತುಸಂಗ್ರಹಾಲಯ ಸೇರಿದೆ. ಆದರೆ ಪೋರ್ಟರುಗಳ ಸಂಘದಲ್ಲಿ ಮೊಳೆತದ್ದು ನಿಲ್ಲದೆ ಮುಂದೆ ನಡೆಯಿತು. 1955ರಲ್ಲಿ ಮಾಂಟ್‌ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಬಂಧನಕ್ಕೊಳಗಾದಾಗ ಜಾಮೀನಿಗೆ ಓಡಿಬಂದು, ಬಸ್ ಬಹಿಷ್ಕಾರಕ್ಕೆ ಜನರನ್ನು ಸೇರಿಸಿದವರಲ್ಲಿ ಒಬ್ಬರು ಪುಲ್‌ಮನ್ ಪೋರ್ಟರ್ ಇ. ಡಿ. ನಿಕ್ಸನ್. 1963ರಲ್ಲಿ ವಾಷಿಂಗ್ಟನ್ನಿಗೆ ಹೊರಟ ಮಹಾಜಾಥಾವನ್ನು ಮುನ್ನಡೆಸಿದವರು ವೃದ್ಧ ರಾಂಡಾಲ್ಫ್.

ಹಾಗಾದರೆ ಮೂರನೆಯ ಉತ್ತರವೇನು? ಸುಖ ತಪ್ಪಲ್ಲ, ಆ ಸುಖವನ್ನು ಒದಗಿಸಿದ ಕೈಯ ಹಿಂದೆ ಮನುಷ್ಯನೊಬ್ಬನಿದ್ದಾನೆಂಬುದನ್ನು ಮರೆಯುವುದು ತಪ್ಪು. ಕೆಂಪು ಜಮಖಾನೆಯ ಮೇಲೆ ನಡೆದವರಲ್ಲಿ ಕ್ರೂರಿಗಳು ಬಹಳ ಮಂದಿ ಇರಲಿಕ್ಕಿಲ್ಲ. ನಮ್ಮ ನಿಮ್ಮಂತೆ ಸಜ್ಜನರೇ, ಸಂಸಾರಸ್ಥರೇ. ಅವರು ಹೆಸರು ಕೇಳಲಿಲ್ಲ, ಅಷ್ಟೇ. ಆ 'ಅಷ್ಟೇ' ಎಷ್ಟು ದೊಡ್ಡದೆಂದು ಪೋರ್ಟರುಗಳಿಗೆ ಗೊತ್ತಿತ್ತು.

ಈ ರಾತ್ರಿ ಮಲಗುವ ಮುನ್ನ ಒಂದು ಲೆಕ್ಕ ಹಾಕಿ ನೋಡಿ. ಇಂದು ನಿಮ್ಮ ಪಾತ್ರೆ ತೊಳೆದವರು, ಕಸ ಒಯ್ದವರು, ಭಾರ ಹೊತ್ತವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತು? ಗೊತ್ತಿಲ್ಲದಿದ್ದರೆ, ನಾಳೆ ಬೆಳಿಗ್ಗೆ ಕೇಳಿ. ಹೆಸರು ತಿಳಿದ ಮೇಲೆ ಅವರ ಕೂಲಿಯನ್ನೂ ಬಿಡುವನ್ನೂ ಕುರಿತು ಯೋಚಿಸದೆ ಇರುವುದು ಕಷ್ಟವಾದೀತು. ಆ ಕಷ್ಟ ನಮಗೆ ಬರಲಿ.