ಗೆರೆ ದಾಟಿದ ಮೇಲಿನ ಪ್ರಾರ್ಥನೆ

ಓಟದ ಸ್ಪರ್ಧೆಯೊಂದು ಮುಗಿದ ಕೂಡಲೇ, ಗೆದ್ದವರ ಬಾಯಿಂದ ಮಾತು ಹೊರಡುವ ಮೊದಲು ಅವರ ದೇಹವೇ ಮಾತನಾಡುತ್ತದೆ. ಕೆಲವರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಕೆಲವರು ಮೊಣಕಾಲೂರುತ್ತಾರೆ, ಕೆಲವರು ಹಣೆಯನ್ನು ನೆಲಕ್ಕೆ ಮುಟ್ಟಿಸುತ್ತಾರೆ, ಇನ್ನು ಕೆಲವರು ಕೈಗಳನ್ನು ಆಕಾಶದತ್ತ ಎತ್ತುತ್ತಾರೆ. ದೂರದರ್ಶನದ ಮುಂದೆ ಕುಳಿತ ವಿಶ್ವಾಸಿಗೆ ಅದನ್ನು ಕಂಡು ಸಂತೋಷವಾಗುವುದು ಸಹಜ. ಅದೇ ದೃಶ್ಯವನ್ನು ನೋಡಿದ ಮತ್ತೊಬ್ಬರಿಗೆ, ದೇವರಿಗೂ ಓಟಕ್ಕೂ ಏನು ಸಂಬಂಧ, ಇದೆಲ್ಲ ಕ್ಯಾಮೆರಾದ ಮುಂದಿನ ಪ್ರದರ್ಶನವಲ್ಲವೇ ಎನಿಸಬಹುದು. ಈ ಎರಡು ಅನಿಸಿಕೆಗಳ ನಡುವೆ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ಗೆದ್ದವರು ದೇವರಿಗೆ ಕೃತಜ್ಞತೆ ಸಲ್ಲಿಸುವಾಗ ನಿಜವಾಗಿ ಯಾವುದಕ್ಕಾಗಿ ಸಲ್ಲಿಸುತ್ತಾರೆ? ಅದೇ ಹೊತ್ತಿನಲ್ಲಿ, ಅದೇ ನೆಲದ ಮೇಲೆ ಬಳಲಿ ಕುಳಿತಿರುವ ಸೋತವರು ದೇವರಿಗೆ ಏನೆನ್ನಬೇಕು?

ಲಂಡನ್ನಿನ ಎರಡು ದಿನಗಳು

2012ರ ಆಗಸ್ಟ್ 10ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 5000 ಮೀಟರ್ ಓಟದ ಅಂತಿಮ ಸ್ಪರ್ಧೆ ನಡೆಯಿತು. ಇಥಿಯೋಪಿಯದ ಮೆಸೆರೆಟ್ ಡೆಫಾರ್ 15 ನಿಮಿಷ 4.25 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಗೆದ್ದರು. 2004ರಲ್ಲಿ ಅಥೆನ್ಸ್‌ನಲ್ಲಿ ಇದೇ ಓಟದಲ್ಲಿ ಚಿನ್ನ ಗೆದ್ದಿದ್ದ ಅವರು 2008ರಲ್ಲಿ ಬೀಜಿಂಗ್‌ನಲ್ಲಿ ಮೂರನೆಯವರಾಗಿ ಗುರಿ ಮುಟ್ಟಿದ್ದರು. ಎಂಟು ವರ್ಷಗಳ ಬಳಿಕ ಮರಳಿ ದೊರೆತ ಗೆಲುವು ಅದು. ಗೆರೆ ದಾಟಿದ ಮೇಲೆ ಅವರು ತಮ್ಮ ಅಂಗಿಯೊಳಗಿನಿಂದ ಒಂದು ಚಿತ್ರವನ್ನು ಹೊರತೆಗೆದರು. ಬಾಲಯೇಸುವನ್ನು ಎತ್ತಿಕೊಂಡ ಮಾತೆ ಮರಿಯಮ್ಮನವರ ಚಿತ್ರವದು. ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದರು, ಮುಖಕ್ಕೆ ಒತ್ತಿಕೊಂಡು ಅತ್ತರು.

ಮಾರನೆಯ ದಿನ, ಅದೇ ಕ್ರೀಡಾಂಗಣದಲ್ಲಿ ಪುರುಷರ 5000 ಮೀಟರ್ ಓಟವನ್ನು ಬ್ರಿಟನ್ನಿನ ಮೋ ಫರಾ ಗೆದ್ದರು. ಒಂದು ವಾರದ ಹಿಂದಷ್ಟೇ 10,000 ಮೀಟರ್ ಓಟದಲ್ಲಿಯೂ ಅವರು ಗೆದ್ದಿದ್ದರು. ಮುಸ್ಲಿಮರಾದ ಫರಾ ಟ್ರ್ಯಾಕಿನ ಮೇಲೆ ಮಂಡಿಯೂರಿ, ಹಣೆಯನ್ನು ನೆಲಕ್ಕಿಟ್ಟು ತಮ್ಮ ದೇವರಿಗೆ ವಂದಿಸಿದರು.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಒಂದು ಮಾತಿದೆ. ಮೊದಲ ದಿನದ ದೃಶ್ಯದಿಂದ ಕಣ್ಣು ತುಂಬಿ ಬಂದು, ಎರಡನೆಯ ದಿನದ ದೃಶ್ಯದಿಂದ ಮನಸ್ಸಿಗೆ ಕಸಿವಿಸಿಯಾದರೆ, ನಾವು ಪಟ್ಟ ಸಂತೋಷ ವಿಶ್ವಾಸದ್ದೋ ಅಥವಾ 'ನಮ್ಮ ಕಡೆಯವರು ಗೆದ್ದರು' ಎಂಬ ಅಭಿಮಾನದ್ದೋ? ಒಲಿಂಪಿಕ್ ಸನ್ನದಿನ 50ನೆಯ ನಿಯಮವು ಸ್ಪರ್ಧೆಯ ಸ್ಥಳಗಳಲ್ಲಿ ರಾಜಕೀಯ, ಧಾರ್ಮಿಕ ಅಥವಾ ಜನಾಂಗೀಯ ಪ್ರಚಾರವನ್ನು ನಿಷೇಧಿಸುತ್ತದೆ. ಆದರೂ ಬಳಲಿದ ಓಟಗಾರನೊಬ್ಬನ ಶಿಲುಬೆಯ ಗುರುತನ್ನಾಗಲಿ ಸಾಷ್ಟಾಂಗ ವಂದನೆಯನ್ನಾಗಲಿ ಪ್ರಚಾರವೆಂದು ಎಣಿಸುವುದು ರೂಢಿಯಲ್ಲಿಲ್ಲ. ಕೃತಜ್ಞತೆ ಬೇರೆ, ಪ್ರಚಾರ ಬೇರೆ ಎಂಬ ವಿವೇಕ ಅದರಲ್ಲಿದೆ.

ಕೃತಜ್ಞತೆಯ ಎರಡು ಬಗೆ

ಬೀದಿಯ ಮೂಲೆಗಳಲ್ಲಿ ನಿಂತು ಜನರಿಗೆ ಕಾಣುವಂತೆ ಪ್ರಾರ್ಥಿಸುವವರನ್ನು ಪ್ರಭು ಯೇಸು ಖಂಡಿಸಿದರು; ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸಬೇಕೆಂದು ಬೋಧಿಸಿದರು. ಹಾಗಾದರೆ ಎಂಬತ್ತು ಸಾವಿರ ಜನರ ಎದುರು ಪ್ರಾರ್ಥಿಸುವುದು ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಅದೇ ಸಂತ ಮತ್ತಾಯರ ಶುಭಸಂದೇಶದಲ್ಲಿ, ಅದಕ್ಕೂ ಒಂದು ಅಧ್ಯಾಯ ಮೊದಲು, ನಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಬೇಕೆಂಬ ಬೋಧನೆಯೂ ಇದೆ. ಈ ಎರಡು ಬೋಧನೆಗಳು ಒಂದಕ್ಕೊಂದು ವಿರುದ್ಧವಲ್ಲ. ಪ್ರಭು ಖಂಡಿಸಿದ್ದು ಜನರನ್ನೇ ಶ್ರೋತೃಗಳನ್ನಾಗಿ ಮಾಡಿಕೊಂಡ ಪ್ರಾರ್ಥನೆಯನ್ನು. ದೇವರೇ ಕೇಳಲೆಂದು ಮಾಡಿದ ಪ್ರಾರ್ಥನೆಯನ್ನು ಜನರೂ ಕಂಡರೆ ಅದು ದೋಷವಾಗುವುದಿಲ್ಲ.

ಸಂತ ಲೂಕರ ಶುಭಸಂದೇಶ ಈ ವಿಷಯದಲ್ಲಿ ನಮಗೆ ಇನ್ನೂ ಸ್ಪಷ್ಟವಾದ ದಾರಿ ತೋರಿಸುತ್ತದೆ. 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ. ಅವರಲ್ಲಿ ಸಮಾರ್ಯದವನೊಬ್ಬ ಮಾತ್ರ ಹಿಂದಿರುಗಿ, ಗಟ್ಟಿಯಾದ ಸ್ವರದಲ್ಲಿ ದೇವರನ್ನು ಸ್ತುತಿಸುತ್ತ ಯೇಸುವಿನ ಪಾದಕ್ಕೆ ಬೀಳುತ್ತಾನೆ. ಅದರ ಮರು ಅಧ್ಯಾಯದಲ್ಲಿ ಫರಿಸಾಯನೊಬ್ಬ ದೇವಾಲಯದಲ್ಲಿ ನಿಂತು ಪ್ರಾರ್ಥಿಸುತ್ತಾನೆ. ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೆಂದರೆ, ಆ ಫರಿಸಾಯನ ಪ್ರಾರ್ಥನೆಯೂ ಕೃತಜ್ಞತೆಯ ಪ್ರಾರ್ಥನೆಯೇ! ತಾನು ಇತರರಂತೆ ಇಲ್ಲವೆಂಬುದಕ್ಕಾಗಿ, ಅಲ್ಲಿ ದೂರದಲ್ಲಿ ನಿಂತ ಸುಂಕದವನಂತೆ ಇಲ್ಲವೆಂಬುದಕ್ಕಾಗಿ ಅವನು ದೇವರಿಗೆ ವಂದನೆ ಸಲ್ಲಿಸುತ್ತಾನೆ.

ಇಬ್ಬರೂ ಬಹಿರಂಗವಾಗಿಯೇ ಕೃತಜ್ಞತೆ ಸಲ್ಲಿಸಿದರು. ಒಬ್ಬನು ತನಗೆ ದೊರೆತ ವರಕ್ಕಾಗಿ ಸಲ್ಲಿಸಿದನು. ಆ ವರ ಅವನ ಒಂಬತ್ತು ಮಂದಿ ಸಂಗಡಿಗರಿಗೂ ದೊರೆತಿತ್ತು, ಅವನ ಸಂತೋಷಕ್ಕಾಗಿ ಯಾರೂ ಕೆಳಗಿರಬೇಕಾಗಿರಲಿಲ್ಲ. ಮತ್ತೊಬ್ಬನು ತನ್ನ ಸ್ಥಾನಕ್ಕಾಗಿ ಸಲ್ಲಿಸಿದನು. ಅವನ ಕೃತಜ್ಞತೆ ನಿಲ್ಲಬೇಕಾದರೆ ಕೆಳಗೆ ಇನ್ನೊಬ್ಬನು ಇರಲೇಬೇಕಿತ್ತು. ಆದುದರಿಂದ ಗೆದ್ದವರ ಪ್ರಾರ್ಥನೆಯನ್ನು ಎಲ್ಲಿ ಮಾಡಿದರು, ಎಷ್ಟು ಗಟ್ಟಿಯಾಗಿ ಮಾಡಿದರು ಎಂದು ಅಳೆದು ಪ್ರಯೋಜನವಿಲ್ಲ. ಅದು ವರಕ್ಕಾಗಿ ಸಲ್ಲಿಸಿದ ಕೃತಜ್ಞತೆಯೋ, ಸ್ಥಾನಕ್ಕಾಗಿಯೋ ಎಂಬುದೇ ಮುಖ್ಯ.

ಅರ್ಧ ಸೆಕೆಂಡಿನ ಅಂತರ

ಲಂಡನ್ನಿನ ಆ ಓಟದಲ್ಲಿ ಕೀನ್ಯಾದ ವಿವಿಯನ್ ಚೆರುಯೋಟ್ ಎರಡನೆಯವರಾದರು. ಡೆಫಾರ್‌ಗೂ ಅವರಿಗೂ ಇದ್ದ ಅಂತರ ಅರ್ಧ ಸೆಕೆಂಡಿಗಿಂತಲೂ ಕಡಿಮೆ. ಡೆಫಾರ್ ಅವರ ದೇಶದವರೇ ಆದ ತಿರುನೇಶ್ ದಿಬಾಬ ಮೂರನೆಯವರಾದರು. ದೇವರೇ ಒಬ್ಬರನ್ನು ಆರಿಸಿ ಗೆಲ್ಲಿಸಿದನೆಂದು ಹೇಳುವುದಾದರೆ, ಉಳಿದವರನ್ನು ಆತನೇ ಸೋಲಿಸಿದನೆಂದೂ ಹೇಳಬೇಕಾಗುತ್ತದೆ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಸಮನಾಗಿ ಮಳೆ ಸುರಿಸುವ ತಂದೆಗೆ ಈ ಕೆಲಸ ಒಪ್ಪುವುದಿಲ್ಲ. ಅರ್ಧ ಸೆಕೆಂಡಿನಷ್ಟು ಹೆಚ್ಚು ಪ್ರೀತಿ ಒಬ್ಬಳಿಗೆ, ಅಷ್ಟು ಕಡಿಮೆ ಇನ್ನೊಬ್ಬಳಿಗೆ ಎಂಬ ಲೆಕ್ಕ ದೇವರದಲ್ಲ.

ಹಾಗೆಂದು ಕೃತಜ್ಞತೆಗೆ ಕಾರಣವೇ ಇಲ್ಲವೆಂದಲ್ಲ. ಬಲವಾದ ಕಾಲು, ತುಂಬು ಉಸಿರು, ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಅಭ್ಯಾಸ ಮಾಡುವ ಛಲ, ತಿದ್ದಿ ತೀಡಿದ ತರಬೇತುದಾರರು, ಜೊತೆಗೆ ಓಡಿ ನಮ್ಮ ವೇಗವನ್ನು ಹೆಚ್ಚಿಸಿದ ಪ್ರತಿಸ್ಪರ್ಧಿಗಳು, ಇವೆಲ್ಲವೂ ವರಗಳೇ. ಇವುಗಳಿಗಾಗಿ ಮೊದಲನೆಯವರಂತೆ ಕೊನೆಯವರೂ ವಂದಿಸಬಹುದು. ಅಮೆರಿಕದ ಸಿಡ್ನಿ ಮೆಕ್ಲಾಫ್ಲಿನ್-ಲೆವ್ರೋನ್ 2024ರ ಆಗಸ್ಟ್ 8ರಂದು ಪ್ಯಾರಿಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 50.37 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ತಮ್ಮ ಸಾಮರ್ಥ್ಯ ದೇವರು ಕೊಟ್ಟದ್ದು, ಮಹಿಮೆಯೂ ಆತನಿಗೇ ಸಲ್ಲಬೇಕು ಎಂದು ಅವರು ಪ್ರತಿ ಬಾರಿಯೂ ಹೇಳುತ್ತ ಬಂದಿದ್ದಾರೆ. ಅದೇ ವರ್ಷದ ಆರಂಭದಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಸೋಲಿನ ಭಯ ಹಿಂದೆ ತಮ್ಮನ್ನು ಹೇಗೆ ಕಾಡಿತ್ತೆಂಬುದನ್ನೂ ವಿಶ್ವಾಸ ಆ ಭಯದಿಂದ ಹೇಗೆ ಬಿಡಿಸಿತೆಂಬುದನ್ನೂ ಬರೆದಿದ್ದಾರೆ. 2023ರಲ್ಲಿ ಮೊಣಕಾಲಿನ ತೊಂದರೆಯಿಂದಾಗಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು ಓಡಲೇ ಇಲ್ಲ. ಗೆದ್ದ ದಿನದ ದೇವರು ಓಡಲಾಗದ ದಿನವೂ ಅದೇ ದೇವರಾಗಿದ್ದರೆ ಮಾತ್ರ ಗೆದ್ದ ದಿನದ ಮಾತಿಗೆ ತೂಕ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಸಂತ ಪೌಲರು ಓಟದ ಉಪಮೆಯನ್ನು ಬಳಸುತ್ತಾರೆ. ಕೊರಿಂಥ ನಗರದ ಸಮೀಪದಲ್ಲಿಯೇ ಎರಡು ವರ್ಷಗಳಿಗೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರ ತಲೆಗೆ ತೊಡಿಸುತ್ತಿದ್ದುದು ಎಲೆಗಳಿಂದ ಹೆಣೆದ, ಬೇಗನೆ ಬಾಡುವ ಕಿರೀಟ; ಅದು ಒಬ್ಬರಿಗೆ ಮಾತ್ರ. ಪೌಲರು ಹೇಳುವ ಓಟದಲ್ಲಾದರೋ ಕಿರೀಟ ಬಾಡುವುದಿಲ್ಲ. ಒಬ್ಬರಿಗೆ ದೊರೆತರೆ ಇನ್ನೊಬ್ಬರಿಗೆ ತಪ್ಪುವುದೂ ಇಲ್ಲ. ಈ ಎರಡು ಓಟಗಳನ್ನು ಒಂದೇ ಎಂದು ತಿಳಿದಾಗ ನಮ್ಮ ಕೃತಜ್ಞತೆ ದಾರಿ ತಪ್ಪುತ್ತದೆ.

ಓಟಕ್ಕೆ ಮುಂಚೆ, ಓಟ ಮುಗಿದ ಬಳಿಕ

ಗೆಲುವಿನ ಕ್ಷಣದಲ್ಲಿ ತೋರಿದ ವಿಶ್ವಾಸ ಒಬ್ಬರ ಜೀವನದ ಪೂರ್ಣ ಕಥೆಯಾಗಲಾರದು. ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ ಭಾನುವಾರ ಸ್ಪರ್ಧೆಯಿತ್ತೆಂಬ ಕಾರಣಕ್ಕೆ 1991ರ ವಿಶ್ವ ಚಾಂಪಿಯನ್‌ಶಿಪ್‌ನಿಂದ ದೂರ ಉಳಿದವರು. ಮುಂದೆ ಆ ನಿರ್ಧಾರವನ್ನು ಸಡಿಲಿಸಿ, 1995ರಲ್ಲಿ ಟ್ರಿಪಲ್ ಜಂಪ್‌ನಲ್ಲಿ 18.29 ಮೀಟರ್ ಜಿಗಿದು ವಿಶ್ವದಾಖಲೆ ಸ್ಥಾಪಿಸಿದರು. 2000ದಲ್ಲಿ ಸಿಡ್ನಿಯಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಕ್ರೈಸ್ತ ಕ್ರೀಡಾಪಟುವೆಂದೇ ಲೋಕ ಅವರನ್ನು ಬಲ್ಲುದಾಗಿತ್ತು. ನಿವೃತ್ತರಾದ ಕೆಲವು ವರ್ಷಗಳ ಬಳಿಕ, 2007ರಲ್ಲಿ, ತಮ್ಮಲ್ಲಿ ವಿಶ್ವಾಸ ಉಳಿದಿಲ್ಲವೆಂದು ಅವರು ಬಹಿರಂಗವಾಗಿ ತಿಳಿಸಿದರು. ಅವರನ್ನು ಹಳಿಯುವುದು ನಮಗೆ ಸಲ್ಲದು. ಅವರ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು. ಆದರೆ ಪದಕ ಗೆದ್ದವರ ವಿಶ್ವಾಸವನ್ನು ನಮ್ಮ ವಿಶ್ವಾಸಕ್ಕೆ ಸಾಕ್ಷ್ಯಪತ್ರವನ್ನಾಗಿ ಮಾಡಿಕೊಂಡವರಿಗೆ ಅಲ್ಲೊಂದು ಎಚ್ಚರಿಕೆ ಇದೆ.

ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಅವರ ಜೀವನ ಮತ್ತೊಂದು ಬಗೆಯದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಂದುದರಿಂದ, ತಮ್ಮ ನೆಚ್ಚಿನ ಆ ಓಟವನ್ನೇ ಅವರು ಬಿಟ್ಟುಕೊಟ್ಟರು. ಜುಲೈ 11ರಂದು 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. 1981ರಲ್ಲಿ ಬಂದ 'ಚಾರಿಯಟ್ಸ್ ಆಫ್ ಫೈರ್' ಚಲನಚಿತ್ರ ಈ ಕಥೆಯನ್ನು ಲೋಕಕ್ಕೆಲ್ಲ ತಿಳಿಸಿತು. ಓಟವನ್ನೂ ದೇವರ ಸಂತೋಷವನ್ನೂ ಕುರಿತು ಅವರು ಆಡಿದರೆಂದು ಪ್ರಸಿದ್ಧವಾಗಿರುವ ಮಾತು ಆ ಚಿತ್ರದ ಸಂಭಾಷಣೆಕಾರರದು. ಲಿಡೆಲ್ ಅವರ ಸ್ವಂತ ಸಾಕ್ಷಿ ಮಾತಿಗಿಂತ ನಡತೆಯಲ್ಲಿ ಉಳಿದಿದೆ.

1925ರಲ್ಲಿ, ಕೀರ್ತಿಯ ಶಿಖರದಲ್ಲಿದ್ದಾಗಲೇ, ತಾವು ಹುಟ್ಟಿದ ಚೀನಾ ದೇಶಕ್ಕೆ ಅವರು ಧರ್ಮಪ್ರಚಾರಕರಾಗಿ ತೆರಳಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀಯರು ಅವರನ್ನು ವೈಶಿಯೆನ್ ಎಂಬ ಬಂಧನ ಶಿಬಿರದಲ್ಲಿ ಇರಿಸಿದರು. ಅಲ್ಲಿ ಅವರು ಮಕ್ಕಳಿಗೆ ಪಾಠ ಹೇಳಿದರು, ಆಟಗಳನ್ನು ಏರ್ಪಡಿಸಿದರು. ಭಾನುವಾರದ ಆಟದಲ್ಲಿ ಹುಡುಗರು ಜಗಳವಾಡಿಕೊಂಡಾಗ, ಒಲಿಂಪಿಕ್ಸ್‌ನಲ್ಲಿ ಭಾನುವಾರ ಓಡಲೊಪ್ಪದ ಅದೇ ಮನುಷ್ಯ ಮೈದಾನಕ್ಕೆ ಬಂದು ತೀರ್ಪುಗಾರರಾಗಿ ನಿಂತರು. ತಮ್ಮ ಸವೆದ ಓಟದ ಷೂಗಳನ್ನು ಒಬ್ಬ ಹುಡುಗನಿಗೆ ಕೊಟ್ಟುಬಿಟ್ಟರು. 1945ರ ಫೆಬ್ರವರಿ 21ರಂದು, ಮಿದುಳಿನ ಗೆಡ್ಡೆಯಿಂದ, ಆ ಶಿಬಿರದಲ್ಲೇ ತೀರಿಕೊಂಡರು. ಆಗ ಅವರಿಗೆ 43 ವರ್ಷ. ಅಲ್ಲಿ ಚಪ್ಪಾಳೆಯಿರಲಿಲ್ಲ, ಪದಕವಿರಲಿಲ್ಲ. ದೇವರಿಗಾಗಿ ಪದಕದ ಆಸೆಯನ್ನು ಬಿಡಬಲ್ಲವರು ಮಕ್ಕಳಿಗಾಗಿ ತಮ್ಮ ನಿಯಮವನ್ನೂ ಬಿಡಬಲ್ಲವರಾಗಿದ್ದರು.

ನಮ್ಮ ಮನೆಗಳಲ್ಲಿ

ಈ ಪ್ರಶ್ನೆ ಕ್ರೀಡಾಂಗಣಕ್ಕೆ ಮಾತ್ರ ಸೇರಿದ್ದಲ್ಲ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಕೃತಜ್ಞತೆಯ ಪೂಜೆಗಳು ನಡೆಯುತ್ತವೆ. ಒಳ್ಳೆಯ ಅಂಕ ಪಡೆದವರ ಹೆಸರನ್ನು ಓದುತ್ತಾರೆ, ಎಲ್ಲರೂ ಸಂತೋಷಪಡುತ್ತಾರೆ. ಅದು ಉಚಿತವೇ. ಆದರೆ ಅದೇ ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತ ಮಗುವೂ ಇರುತ್ತದೆ. ಪರೀಕ್ಷೆಗೆ ಮುನ್ನ ಅದೂ ಜಪಮಾಲೆ ಹೇಳಿತ್ತು, ಅದರ ತಾಯಿಯೂ ಮೇಣದ ಬತ್ತಿ ಹಚ್ಚಿದ್ದಳು. ದೇವರು ಗೆದ್ದವರ ಪಕ್ಷವೆಂದು ಆ ಮಗು ತಿಳಿದುಕೊಂಡು ಮನೆಗೆ ಹೋದರೆ, ನಮ್ಮ ಕೃತಜ್ಞತೆಯಲ್ಲಿ ಏನೋ ಕೊರತೆಯಿದೆ ಎಂದೇ ಅರ್ಥ. ಓದಲು ದೊರೆತ ವರ್ಷಕ್ಕಾಗಿ, ಕಲಿಸಿದ ಗುರುಗಳಿಗಾಗಿ, ಮಾಡಿದ ಶ್ರಮಕ್ಕಾಗಿ ವಂದಿಸುವ ಪ್ರಾರ್ಥನೆಯಲ್ಲಿ ಆ ಮಗುವಿಗೂ ಸ್ಥಳವಿದೆ. ಅಂತಹ ಪ್ರಾರ್ಥನೆಯನ್ನು ಮನೆಯಲ್ಲಿ ಕಲಿಸಬೇಕಾದವರು ತಂದೆತಾಯಿಗಳು. ಅದೂ ಫಲಿತಾಂಶ ಬರುವುದಕ್ಕೆ ಮುಂಚೆಯೇ.

ಮೆಸೆರೆಟ್ ಡೆಫಾರ್ ಅವರ ವಿಷಯದಲ್ಲಿ ನೆನಪಿಡಬೇಕಾದ ಅಂಶವೂ ಇದೇ ಆಗಿದೆ. ಮಾತೆಯ ಚಿತ್ರವನ್ನು ಅವರು ಗೆದ್ದ ಮೇಲೆ ತರಿಸಿಕೊಳ್ಳಲಿಲ್ಲ. ಗೆಲ್ಲುವರೋ ಸೋಲುವರೋ ತಿಳಿಯದ ಹನ್ನೆರಡೂವರೆ ಸುತ್ತುಗಳ ಉದ್ದಕ್ಕೂ ಅದು ಅವರ ಅಂಗಿಯೊಳಗೇ ಇತ್ತು. ನಾಲ್ಕನೆಯವರಾಗಿ ಬಂದಿದ್ದರೆ ನಾವು ಯಾರೂ ಅದನ್ನು ನೋಡುತ್ತಿರಲಿಲ್ಲ. ಚಿತ್ರವಂತೂ ಅಲ್ಲಿಯೇ ಇರುತ್ತಿತ್ತು.